ಅರ್ಧಕ್ಕೆ ನಿಂತ ತೋಳು

ಬೆಂಗಳೂರಿನ ಚಳಿ ಹಿಂದಿನ ಚಳಿಯಲ್ಲ ಎಂದು ಹಿರಿಯರು ಹೇಳುತ್ತಲೇ ಇರುತ್ತಾರೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು. ಆಮೇಲೆ ಪಾದರಸ ಅಷ್ಟು ಕೆಳಗೆ ಇಳಿದಿಲ್ಲ. ಆದರೂ ಡಿಸೆಂಬರ್ ಬಂತೆಂದರೆ ಬಸವೇಶ್ವರನಗರದ ಹಾಲಿನ ಬೂತಿನ ಮುಂದೆ ಬೆಳಗಿನ ಆರು ಗಂಟೆಗೆ ಮಂಕಿ ಕ್ಯಾಪು, ಮಫ್ಲರು, ಸ್ವೆಟರುಗಳ ಮೆರವಣಿಗೆ ಶುರುವಾಗುತ್ತದೆ. ಮಕ್ಕಳ ಮೈಮೇಲೆ ಶಾಲೆಯವರು ಹೇಳಿದ ಬಣ್ಣದ, ಯಂತ್ರದಲ್ಲಿ ತಯಾರಾದ ಸ್ವೆಟರು. ಕೈಯಲ್ಲಿ ಹೆಣೆದದ್ದು ಕಾಣಬೇಕಾದರೆ ಯಾರಾದರೂ ತಾತನನ್ನೇ ಹುಡುಕಬೇಕು. ಮೊಣಕೈ ಹತ್ತಿರ ಸವೆದ, ಆದರೂ ಬಿಡಲು ಮನಸ್ಸಿಲ್ಲದ ಸ್ವೆಟರು ಅವರದು.

ಅದೇ ಬಡಾವಣೆಯ ಒಂದು ಹಳೆಯ ಮನೆ. ಕೆಳಗೆ ಅಜ್ಜಿ, ಮಹಡಿಯ ಮೇಲೆ ಮಗಳ ಸಂಸಾರ. ಅಜ್ಜಿಗೆ ಈಗ ಅರವತ್ತೇಳು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಸುಣ್ಣ ಬಣ್ಣ ಮಾಡಿಸಲೆಂದು ಅಟ್ಟದಿಂದ ಸಾಮಾನು ಇಳಿಸಿದ ದಿನ ಒಂದು ಕಬ್ಬಿಣದ ಟ್ರಂಕೂ ಇಳಿಯಿತು. ಅದನ್ನು ತೆರೆದವಳು ದ್ವಿತೀಯ ಪಿಯುಸಿ ಓದುತ್ತಿರುವ ಮೊಮ್ಮಗಳು.

“ಅಜ್ಜಿ, ಈ ಸ್ವೆಟರಿಗೆ ಒಂದೇ ಕೈ ಇದೆ!”

ನುಸಿ ಗುಳಿಗೆಯ ವಾಸನೆಯ ನಡುವೆ ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ ಗಂಟು ಅದು. ಮರೂನ್ ಬಣ್ಣದ ಉಲ್ಲನ್. ಬೆನ್ನಿನ ಭಾಗ ಮುಗಿದಿತ್ತು, ಮುಂಭಾಗ ಮುಗಿದಿತ್ತು, ಒಂದು ತೋಳು ಮುಗಿದಿತ್ತು. ಎರಡನೆಯ ತೋಳು ಮೊಣಕೈವರೆಗೆ ಬಂದು ಕಡ್ಡಿಯ ಮೇಲೆಯೇ ನಿಂತಿತ್ತು. ಜೊತೆಗೆ ಒಂದೂವರೆ ಉಂಡೆ ದಾರ, ಪತ್ರಿಕೆಯಿಂದ ಕತ್ತರಿಸಿದ ನಮೂನೆಯ ಹಳದಿ ಕಾಗದ.

“ನಿನ್ನ ಮಾಮಂದು ಕಣೇ” ಎಂದರು ಅಜ್ಜಿ. “ಒಂದನೇ ಕ್ಲಾಸಿಗೆ ಹಾಕ್ಕೊಂಡು ಹೋಗ್ಲಿ ಅಂತ ಶುರು ಮಾಡಿದ್ದು. ತೊಂಬತ್ತನೇ ಇಸವಿ.”

ಆ ಮಾಮನಿಗೆ ಈಗ ನಲವತ್ತು ದಾಟಿದೆ. ಪುಣೆಯಲ್ಲಿ ಕೆಲಸ.

ಬಸ್ಸಿನಲ್ಲಿ ಬೆಳೆದ ಸ್ವೆಟರು

ಎಂಬತ್ತರ ದಶಕದ ಬೆಂಗಳೂರನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಆಗ ನಗರದ ಬಸ್ಸಿಗೆ ಬಿ.ಟಿ.ಎಸ್. ಎಂದೇ ಹೆಸರು. ಬಿ.ಎಂ.ಟಿ.ಸಿ. ಆದದ್ದು 1997ರಲ್ಲಿ. ರಾಜಾಜಿನಗರ, ವಿಜಯನಗರಗಳಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ ಹೆಂಗಸರು ಬ್ಯಾಗಿನಿಂದ ಕಡ್ಡಿ ತೆಗೆದರೆಂದರೆ ಇಳಿಯುವಷ್ಟರಲ್ಲಿ ನಾಲ್ಕು ಸಾಲು ಮುಗಿಯುತ್ತಿತ್ತು. ಕಚೇರಿಯಲ್ಲಿ ಊಟದ ಬಿಡುವಿನ ಹೊತ್ತಿನಲ್ಲಿ ಇನ್ನು ನಾಲ್ಕು ಸಾಲು. ನೋಡದೆಯೇ ಹೆಣೆಯುವಷ್ಟು ಕೈ ಪಳಗಿತ್ತು. ಯಾರ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು ಎಂಬುದು ಹೆಣೆಯುತ್ತಿದ್ದ ಕುಲಾವಿಯಿಂದಲೇ ಕಚೇರಿಗೆಲ್ಲ ತಿಳಿಯುತ್ತಿತ್ತು.

ಆ ಗುಂಪಿನಲ್ಲಿ ಈ ಅಜ್ಜಿಯೂ ಒಬ್ಬರು. 1990ರ ನವೆಂಬರಿನಲ್ಲಿ ಸ್ವೆಟರು ಶುರುವಾಯಿತು. ಸಂಕ್ರಾಂತಿಯ ಹೊತ್ತಿಗೆ ಅತ್ತೆಯವರಿಗೆ ಪಾರ್ಶ್ವವಾಯು. ಆಸ್ಪತ್ರೆ, ಕಚೇರಿ, ಅಡುಗೆ, ಇಬ್ಬರು ಮಕ್ಕಳು. ಅತ್ತೆ ಮತ್ತೆ ಎದ್ದು ಕೂರುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಮುಂದಿನ ಚಳಿಗಾಲಕ್ಕೆ ಹುಡುಗ ಬೆಳೆದಿದ್ದ. ಅಳತೆ ತಪ್ಪಿತು. ಅಂಗಡಿಯಿಂದ ಒಂದು ಸ್ವೆಟರು ತಂದರು. “ಆಮೇಲೆ ನೋಡೋಣ” ಎಂದು ಗಂಟು ಕಟ್ಟಿಟ್ಟದ್ದು ಮೂವತ್ತನಾಲ್ಕು ವರ್ಷದ ಆಮೇಲೆ ಆಯಿತು.

ಆ ಸಂಜೆ ಮಹಡಿಯ ಮೇಲೆ ಗದ್ದಲ. ಕಾಲೇಜಿನ ಮಧ್ಯವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಹುಡುಗಿಯ ಅಂಕ ಮೂವತ್ತು ದಾಟಿರಲಿಲ್ಲ. ಅಂತಿಮ ಪರೀಕ್ಷೆಯಲ್ಲಿ ಹೇಗೋ ಪಾಸಾದರೆ ಸಾಕು, ಮುಂದೆ ಗಣಿತದ ಹೆಸರೇ ಎತ್ತುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ತಾಯಿಯ ಮಾತು ಕೆಳಗಿನವರೆಗೂ ಕೇಳಿಸುತ್ತಿತ್ತು: “ಸಂಗೀತ ಬಿಟ್ಟೆ, ಕರಾಟೆ ಬಿಟ್ಟೆ, ಈಗ ಗಣಿತ. ಹಿಡಿದ ಕೆಲಸ ಯಾವುದನ್ನ ಮುಗಿಸಿದೀಯ ನೀನು?”

ಕೆಳಗೆ ಒಂಟಿ ತೋಳಿನ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಜ್ಜಿಗೆ ಆ ಮಾತು ತಮಗೇ ಹೇಳಿದಂತಾಯಿತು. ಮರುದಿನ ಬೆಳಗ್ಗೆ ಕಾಫಿ ಮುಗಿಸಿ ಕನ್ನಡಕ ಹಾಕಿಕೊಂಡು ಕಡ್ಡಿ ಕೈಗೆತ್ತಿಕೊಂಡರು.

ಕೈಗೆ ನೆನಪಿತ್ತು, ಆದರೆ…

ಮೊದಲ ಎರಡು ನಿಮಿಷ ತಡವರಿಸಿದ ಬೆರಳು ಮೂರನೆಯ ನಿಮಿಷಕ್ಕೆ ದಾರಿ ಹಿಡಿಯಿತು. ಸೈಕಲ್, ಈಜುಗಳಂತೆ ಹೆಣಿಗೆಯೂ ಬಾಯಿಪಾಠದ ವಿದ್ಯೆಯಲ್ಲ, ಕೈಪಾಠದ ವಿದ್ಯೆ. ಒಂದು ಕುಣಿಕೆಯೊಳಗೆ ಕಡ್ಡಿ ತೂರಿಸಿ, ದಾರ ಸುತ್ತಿ, ಹೊಸ ಕುಣಿಕೆ ಎಳೆದು, ಹಳೆಯದನ್ನು ಬಿಡುವುದು. ಇಷ್ಟೇ ಮೂಲಪಾಠ. ದಾರವನ್ನು ಹಿಂದೆ ಇಟ್ಟುಕೊಂಡು ಎಳೆದರೆ ‘ನಿಟ್’, ಮುಂದೆ ಇಟ್ಟುಕೊಂಡು ಎಳೆದರೆ ‘ಪರ್ಲ್’. ಇವೆರಡರ ಜೋಡಣೆಯಿಂದಲೇ ಲೆಕ್ಕವಿಲ್ಲದಷ್ಟು ನಮೂನೆ. ಕಂಪ್ಯೂಟರಿನವರು ಸೊನ್ನೆ ಮತ್ತು ಒಂದರಿಂದ ಎಲ್ಲವನ್ನೂ ಬರೆಯುವ ಹಾಗೆ.

ನಾಲ್ಕು ದಿನ ಹೆಣೆದ ಮೇಲೆ ತೊಡಕು ಕಾಣಿಸಿತು. ಹಳೆಯ ಅರ್ಧ ತೋಳು ಬಿಗಿಯಾಗಿತ್ತು, ಹೊಸದು ಸಡಿಲ. ಎರಡೂ ಸೇರುವಲ್ಲಿ ಒಂದು ಗೆರೆ ಎದ್ದಿತ್ತು. ಮೂವತ್ತನಾಲ್ಕು ವರ್ಷ ಕಡ್ಡಿಯ ಮೇಲೆ ಕುಳಿತಿದ್ದ ಕುಣಿಕೆಗಳು ಸೊಟ್ಟಗಾಗಿ ಆ ಗೆರೆಯನ್ನು ಇನ್ನಷ್ಟು ಎದ್ದು ಕಾಣಿಸಿದವು. ಮೂವತ್ತರ ಹರೆಯದ ಕೈಯೂ ಅರವತ್ತೇಳರ ಕೈಯೂ ಒಂದೇ ಅಲ್ಲವಲ್ಲ.

“ಎಷ್ಟು ಸಡಿಲ ಅಂತ ಅಳೆದು ನೋಡಜ್ಜಿ” ಎಂದು ಹುಡುಗಿ ತನ್ನ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು ತಂದಳು. ಹಳೆಯ ಹೆಣಿಗೆಯಲ್ಲಿ 10 ಸೆಂಟಿಮೀಟರಿಗೆ 24 ಕುಣಿಕೆ. ಹೊಸದರಲ್ಲಿ 21. ಮೂರೇ ಕುಣಿಕೆಯ ವ್ಯತ್ಯಾಸ ಎಂದು ಅಜ್ಜಿ ತಳ್ಳಿಹಾಕಿದರು. ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಆ ಜಾಗದಲ್ಲಿ ತೋಳಿನ ಅಗಲ 44 ಕುಣಿಕೆ. ಹಳೆಯ ಕೈಯಲ್ಲಿ ಅದು 18.3 ಸೆಂಟಿಮೀಟರ್, ಹೊಸ ಕೈಯಲ್ಲಿ ಸುಮಾರು 21. ಅಂದರೆ ಎರಡೂವರೆ ಸೆಂಟಿಮೀಟರಿಗೂ ಹೆಚ್ಚು, ಒಂದು ಅಂಗುಲದ ವ್ಯತ್ಯಾಸ!

ಇದಕ್ಕೆ ಮದ್ದು ಹೆಣಿಗೆ ಬಲ್ಲವರಿಗೆಲ್ಲ ಗೊತ್ತು: ಕೈ ಸಡಿಲವಾದರೆ ಕಡ್ಡಿ ಸಣ್ಣದಾಗಬೇಕು. ಹಳೆಯ ಕಡ್ಡಿ 9ನೇ ನಂಬರಿನದು. ಇಲ್ಲಿ ಬಳಕೆಯಲ್ಲಿರುವುದು ಬ್ರಿಟಿಷರ ಕಾಲದ ಅಳತೆ. ನಂಬರು ದೊಡ್ಡದಾದಷ್ಟೂ ಕಡ್ಡಿ ತೆಳು. 8 ಎಂದರೆ 4 ಮಿಲಿಮೀಟರ್ ದಪ್ಪ, 9 ಎಂದರೆ 3.75, 10 ಎಂದರೆ 3.25. ಹತ್ತನೇ ನಂಬರಿನ ಒಂದು ಜೊತೆ ಕಡ್ಡಿ ಬೇಕಾಯಿತು. ಭಾನುವಾರ ಬಿಟ್ಟು ಶನಿವಾರವೇ ಅಜ್ಜಿ ಮೊಮ್ಮಗಳು ಪೇಟೆಗೆ ಹೊರಟರು.

ಗಿರಣಿಗಳ ದಾರಿ

ಆಟೊ ಹಿಡಿದು ರಾಜಾಜಿನಗರದ ಮೆಟ್ರೊ ನಿಲ್ದಾಣ, ಅಲ್ಲಿಂದ ಹಸಿರು ಮಾರ್ಗದಲ್ಲಿ ನೇರ ಚಿಕ್ಕಪೇಟೆ. ಚಕ್ರವರ್ತಿ ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ ಆಗಿದ್ದುದು 1948ರಿಂದ 1950ರವರೆಗೆ. ಆ ಕಾಲದಲ್ಲಿ ಹುಟ್ಟಿದ ಬಡಾವಣೆಗೆ ಅವರದೇ ಹೆಸರು. ಖಾದಿಗಾಗಿ 1925ರಲ್ಲಿ ತಿರುಚೆಂಗೋಡಿನಲ್ಲಿ ಆಶ್ರಮವನ್ನೇ ಕಟ್ಟಿದವರು ಅವರು. ಇತ್ತ ಬಸವೇಶ್ವರನಗರದ ಹೆಸರಿನ ಹಿಂದಿರುವುದೂ ಕೈಕೆಲಸಕ್ಕೆ ಮಾನ ತಂದ ಶತಮಾನವೇ. ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ ವಚನಕಾರರ ಸಾಲಿನಲ್ಲಿ ನಿಂತವರು. ಪಶ್ಚಿಮ ಬೆಂಗಳೂರಿನ ಫಲಕಗಳಲ್ಲಿ ನೂಲಿನ ಎಳೆ ಹುಡುಕಿದರೆ ಸಿಗುತ್ತದೆ.

ಎಳೆ ಬರೀ ಹೆಸರಿನದಲ್ಲ. ರೈಲು ಸಂಪಿಗೆ ರಸ್ತೆ ತಲುಪುವಾಗ ಎದುರಾಗುವ ದೊಡ್ಡ ಮಾಲ್ ಇರುವುದು ಹಿಂದೆ ರಾಜಾ ಮಿಲ್ ಇದ್ದ ಜಾಗದಲ್ಲಿ. ಬಿನ್ನಿಪೇಟೆಗೆ ಹೆಸರು ಕೊಟ್ಟ ಬಿನ್ನಿ ಗಿರಣಿಯ ಪೂರ್ಣ ಹೆಸರು ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ. ಸ್ಥಾಪನೆಯಾದದ್ದು 1884ರಲ್ಲಿ, ಆ ದಾಖಲೆಯ ಚಳಿಯ ವರ್ಷದಲ್ಲೇ. ಸೈನಿಕರ ಸಮವಸ್ತ್ರದ ಬಟ್ಟೆ, ಕಂಬಳಿಗಳು ಅಲ್ಲಿಂದ ಹೋಗುತ್ತಿದ್ದವು. ಈಗ ಅಲ್ಲಿ ಆಕಾಶಕ್ಕೆ ನಿಂತ ವಸತಿ ಕಟ್ಟಡಗಳು. ಮಾಗಡಿ ರಸ್ತೆಯ ಕಡೆಯ ಗೋಪಾಲಪುರದಲ್ಲಿ ಮಿನರ್ವ ಮಿಲ್. ಕಾನೂನು ಓದುವ ವಿದ್ಯಾರ್ಥಿಗಳಿಗೆ ಆ ಹೆಸರು ಗೊತ್ತು. ಸರ್ಕಾರ ಆ ಗಿರಣಿಯನ್ನು 1974ರಲ್ಲಿ ರಾಷ್ಟ್ರೀಕರಣ ಮಾಡಿದ್ದರಿಂದ ಎದ್ದ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ತಿದ್ದುವಂತಿಲ್ಲ ಎಂಬುದನ್ನು ಗಟ್ಟಿಗೊಳಿಸಿತು. ಬಟ್ಟೆ ನೇಯುತ್ತಿದ್ದ ಈ ಗಿರಣಿಯ ಆವರಣದಲ್ಲಿ ನಂತರದ ವರ್ಷಗಳಲ್ಲಿ ಸಿನಿಮಾ ಚಿತ್ರೀಕರಣ ನಡೆದದ್ದುಂಟು.

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದರೆ ಬೇರೆಯೇ ಲೋಕ. ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಸುತ್ತಮುತ್ತ ಗುಂಡಿ, ಲೇಸು, ಮಣಿ, ಜರಿ, ಕಸೂತಿ ದಾರಗಳ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಉಲ್ಲನ್ ಎಂದು ಕೇಳಿದರೆ ತೋರಿಸುವುದು ಹೆಚ್ಚಾಗಿ ಲೂಧಿಯಾನದ ಅಕ್ರಿಲಿಕ್ ದಾರ. ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಕೃತಕ ಎಳೆ. ಅಜ್ಜಿಯ ಹಳೆಯ ದಾರವೂ ಅದೇ; ಆದ್ದರಿಂದಲೇ ಅಷ್ಟು ವರ್ಷ ಟ್ರಂಕಿನಲ್ಲಿದ್ದರೂ ನುಸಿ ಮುಟ್ಟಿರಲಿಲ್ಲ. ಕಡ್ಡಿ ಬಂದದ್ದು ಹತ್ತಿರದ ಬೆಟ್ಟದಿಂದ. ನೀಲಗಿರಿಯಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ಸೀಮೆಯಾದ ಊಟಿ ಬಳಿಯ ಕೇತಿಯಲ್ಲಿ 1949ರಲ್ಲಿ ಹುಟ್ಟಿದ ಸೂಜಿ ಕಂಪನಿಯ ಕಡ್ಡಿ ಅದು.

“ಸ್ವೆಟರ್ ಹೆಣೀತೀರಾ ಅಮ್ಮ? ಈಗ ಕೇಳೋರೇ ಕಡಿಮೆ” ಎಂದರು ಅಂಗಡಿಯವರು. “ಹೆಣೀತಿಲ್ಲ. ಮುಗಿಸ್ತಿದೀನಿ” ಎಂದರು ಅಜ್ಜಿ.

ಬಿಚ್ಚುವುದೂ ಒಂದು ಕೆಲಸ

ಹೊಸ ಕಡ್ಡಿ ಬಂದ ಮೇಲೆ ಇನ್ನೊಂದು ಪ್ರಶ್ನೆ. ಸೊಟ್ಟಗಾದ ಆ ಗೆರೆಯನ್ನು ಹಾಗೆಯೇ ಬಿಡುವುದೋ, ಅರ್ಧ ತೋಳನ್ನು ಮಣಿಕಟ್ಟಿನ ಪಟ್ಟಿಯವರೆಗೂ ಬಿಚ್ಚುವುದೋ? ಆ ರಾತ್ರಿ ಪುಣೆಯಿಂದ ಮಗನ ಫೋನು ಬಂತು.

“ಬಿಚ್ಚಬೇಡಮ್ಮ. ಹಾಗೇ ಇಟ್ಟಿರು. ಒಂದು ನೆನಪು ಅಲ್ವಾ?”

“ನೆನಪಿಗೆ ಬೇರೆ ಏನಾದ್ರೂ ಇಟ್ಕೊಳೋ. ಇದು ನಿಂಗೆ ನೆನಪು. ನಂಗೆ ಬಾಕಿ.”

ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸರಿ, ಮುಗಿದ ಮೇಲೆ ಒಂದು ಫೋಟೊ ಕಳಿಸು” ಎಂದ.

ನೇಯ್ಗೆಗೂ ಹೆಣಿಗೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ. ಕುರುಬರ ಕಂಬಳಿಯಾಗಲಿ, ಇಳಕಲ್ ಸೀರೆಯಾಗಲಿ ಹಾಸು ಹೊಕ್ಕುಗಳ ನೂರಾರು ಎಳೆಗಳಿಂದ ಆದದ್ದು. ಅದನ್ನು ಬಿಚ್ಚಿದರೆ ಸಿಗುವುದು ತುಂಡು ಎಳೆಗಳು. ಕೈಹೆಣಿಗೆಯಾದರೋ ಒಂದೇ ದಾರ ತನ್ನ ಮೇಲೆ ತಾನೇ ಕುಣಿಕೆ ಹಾಕಿಕೊಂಡು ಬೆಳೆದದ್ದು. ತುದಿ ಹಿಡಿದು ಎಳೆದರೆ ಸರಸರನೆ ಹಿಂದಕ್ಕೆ ಬರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿಯೂ ನಿಜ. ಆದರೆ ಒಡೆದ ಮಡಕೆ ಮತ್ತೆ ಮಣ್ಣಾಗುವುದಿಲ್ಲ, ಬಿಚ್ಚಿದ ಹೆಣಿಗೆ ಮತ್ತೆ ದಾರವಾಗುತ್ತದೆ. ಗುಂಗುರು ಗುಂಗುರಾದ ಆ ದಾರವನ್ನು ಸುರುಳಿ ಮಾಡಿ, ನೀರಿನಲ್ಲಿ ಅದ್ದಿ, ಕೆಳಗೆ ಒಂದು ಸಣ್ಣ ಭಾರ ಕಟ್ಟಿ ನೆರಳಿನಲ್ಲಿ ನೇತುಹಾಕಿದರೆ ಬಹುಮಟ್ಟಿಗೆ ನೇರವಾಗುತ್ತದೆ.

ತುದಿ ಎಳೆದವಳು ಮೊಮ್ಮಗಳು. ನಾಲ್ಕು ದಿನದ ಕೆಲಸ ಮತ್ತು ಮೂವತ್ತನಾಲ್ಕು ವರ್ಷದ ಹಿಂದಿನ ಕೆಲಸ ಎರಡೂ ಐದು ನಿಮಿಷದಲ್ಲಿ ಉಂಡೆಯಾದವು. “ಅಳು ಬರಲ್ವಾ ಅಜ್ಜಿ?” ಎಂದು ಕೇಳಿದಳು. “ತಪ್ಪು ಹೆಣೆದಾಗ ಬರ್ತಿತ್ತು. ಬಿಚ್ಚೋವಾಗ ಬರಲ್ಲ” ಎಂದರು ಅಜ್ಜಿ. ಎಲ್ಲ ತಪ್ಪಿಗೂ ಇಡೀ ಬಿಚ್ಚಬೇಕಿಲ್ಲ ಎಂಬುದನ್ನೂ ಅವಳಿಗೆ ತೋರಿಸಿದರು. ಇಪ್ಪತ್ತು ಸಾಲು ಕೆಳಗೆ ಒಂದು ಕುಣಿಕೆ ತಪ್ಪಿದ್ದರೆ ಅದರ ನೇರಕ್ಕಿರುವ ಒಂದೇ ಕುಣಿಕೆಯನ್ನು ಕಡ್ಡಿಯಿಂದ ಜಾರಿಸಿ, ಏಣಿಯ ಮೆಟ್ಟಿಲಿನಂತೆ ಕೆಳಗಿಳಿಸಿ, ತಪ್ಪು ಸರಿಮಾಡಿ, ಕ್ರೋಷಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿಸಬಹುದು. ಯಾವ ತಪ್ಪಿಗೆ ಎಷ್ಟು ಬಿಚ್ಚಬೇಕು ಎಂದು ತಿಳಿಯುವುದೇ ಅರ್ಧ ವಿದ್ಯೆ.

ಹುಡುಗಿಗೆ ಕುತೂಹಲ ಹತ್ತಿತು. ಇಡೀ ಸ್ವೆಟರಿನಲ್ಲಿ ಕುಣಿಕೆ ಎಷ್ಟಿರಬಹುದು? ಬೆನ್ನಿಗೆ 80 ಕುಣಿಕೆ, 120 ಸಾಲು: 9,600. ಮುಂಭಾಗ ಅಷ್ಟೇ. ತೋಳಿನ ಅಗಲ ಕೆಳಗೆ 36ರಿಂದ ಮೇಲೆ 52ಕ್ಕೆ ಏರುವುದರಿಂದ ಸರಾಸರಿ 44 ಎಂದಿಟ್ಟುಕೊಂಡು 90 ಸಾಲಿಗೆ ಸುಮಾರು 4,000, ಎರಡಕ್ಕೆ 8,000. ಒಟ್ಟು 27 ಸಾವಿರದ ಆಸುಪಾಸು. ಪಟ್ಟಿಯಲ್ಲಿ ಎರಡು ನಿಟ್, ಎರಡು ಪರ್ಲ್ ಬರಬೇಕಾದ್ದರಿಂದ ಕುಣಿಕೆಯ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು; 36 ಯಾಕೆ, 38 ಯಾಕಲ್ಲ ಎಂಬುದು ಅವಳಿಗೆ ತಾನಾಗಿಯೇ ಹೊಳೆಯಿತು. ನಿಮಿಷಕ್ಕೆ 20 ಕುಣಿಕೆಯಂತೆ ಲೆಕ್ಕ ಹಾಕಿ ಹೇಳಿದಳು: “ಒಂದು ತೋಳಿಗೆ ಇನ್ನೂರು ನಿಮಿಷ. ಬರೀ ಮೂರು ಗಂಟೆ ಇಪ್ಪತ್ತು ನಿಮಿಷದ ಕೆಲಸ ಅಜ್ಜಿ!”

ಅಜ್ಜಿ ನಕ್ಕರು. “ಆ ಮೂರು ಗಂಟೆ ಇಪ್ಪತ್ತು ನಿಮಿಷ ಸಿಗೋದಕ್ಕೇ ಇಷ್ಟು ವರ್ಷ ಬೇಕಾಯ್ತು ನೋಡು.”

ಹಳೆಯ ವಿದ್ಯೆ, ಹೊಸ ಗಣಿತ

ಹೆಣಿಗೆ ಈ ನೆಲದಲ್ಲಿ ಹುಟ್ಟಿದ ವಿದ್ಯೆಯಲ್ಲ. ಈಜಿಪ್ಟಿನಲ್ಲಿ ದೊರೆತ, ಸುಮಾರು 11ರಿಂದ 14ನೇ ಶತಮಾನದ ನಡುವಿನ ಹತ್ತಿ ನೂಲಿನ ಕಾಲುಚೀಲಗಳು ಉಳಿದಿರುವ ಅತಿ ಹಳೆಯ ಹೆಣಿಗೆಗಳಲ್ಲಿ ಸೇರಿವೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಗಾರಿಕಾ ಕ್ರಾಂತಿಗೂ ಬಹಳ ಮೊದಲಿನ ಮಾತು ಅದು. ಬ್ರಿಟಿಷರ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಗಳ ಹೊಲಿಗೆ ತರಗತಿಗಳ ಮೂಲಕ ಹೆಣಿಗೆ ಇಲ್ಲಿನ ಮನೆಗಳಿಗೆ ಹರಡಿತು.

ಅದು ಹೆಂಗಸರ ಹೊತ್ತುಹೋಕ ಕೆಲಸವೆಂದು ಮೂಗು ಮುರಿಯುವವರಿಗೆ ಒಂದು ಉದಾಹರಣೆ ಸಾಕು. ಸಮತಲಕ್ಕಿಂತ ಬೇರೆ ರೀತಿಯಲ್ಲಿ ಬಾಗುತ್ತಾ ಹೋಗುವ ‘ಹೈಪರ್ಬಾಲಿಕ್’ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ತೋರಿಸುವುದು ಗಣಿತದ ಅಧ್ಯಾಪಕರಿಗೆ ಕಷ್ಟವಾಗಿತ್ತು. ಕಾಗದದ ಮಾದರಿಗಳು ಬೇಗ ಹರಿಯುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಅದನ್ನು ಕ್ರೋಷಾ ಕಡ್ಡಿಯಿಂದ ಹೆಣೆದು ತೋರಿಸಿದರು. ನಿಗದಿತ ಅನುಪಾತದಲ್ಲಿ ಕುಣಿಕೆ ಹೆಚ್ಚಿಸುತ್ತಾ ಹೋದರಾಯಿತು, ನೆರಿಗೆ ನೆರಿಗೆಯಾಗಿ ಮೇಲ್ಮೈ ತಾನೇ ಮೂಡುತ್ತದೆ. ಮೊಬೈಲಿನಲ್ಲಿ ಆ ಚಿತ್ರ ಕಂಡ ಹುಡುಗಿ ಅಜ್ಜಿಗೂ ತೋರಿಸಿದಳು. “ಇದು ಕೋಳಿಜುಟ್ಟಿನ ಹೂವಿನ ಹಾಗಿದೆ” ಎಂದರು ಅಜ್ಜಿ. ತಪ್ಪೇನೂ ಹೇಳಲಿಲ್ಲ.

ಹೆಣಿಗೆ ಮನಸ್ಸಿಗೆ ಸಮಾಧಾನ ಕೊಡುತ್ತದೆ ಎಂಬ ಮಾತೂ ಇದೆ. 2013ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 3,500ಕ್ಕೂ ಹೆಚ್ಚು ಮಂದಿ ಹೆಣೆಯುವವರು ಭಾಗವಹಿಸಿದ್ದರು. ಹೆಚ್ಚು ಹೆಣೆಯುವವರು ಹೆಚ್ಚು ನೆಮ್ಮದಿಯಾಗಿರುತ್ತೇವೆ ಎಂದರು. ಆದರೆ ಕೇಳಿದ್ದು ಹೆಣಿಗೆಯನ್ನು ಮೊದಲೇ ಮೆಚ್ಚಿದವರನ್ನು ಎಂಬುದನ್ನೂ ನೆನಪಿಡಬೇಕು. ಅಜ್ಜಿಗಂತೂ ಅರ್ಧ ಗಂಟೆಯಾದರೆ ಹೆಬ್ಬೆರಳಿನ ಬುಡ ನೋಯುತ್ತಿತ್ತು. ನಿಲ್ಲಿಸಿ, ಬಿಸಿನೀರಿನಲ್ಲಿ ಕೈ ಅದ್ದಿ, ಮತ್ತೆ ಕೂರುತ್ತಿದ್ದರು. ಒಂದು ಕಾಲಕ್ಕೆ ಒಂದು ವಾರದಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಮೂರು ವಾರ.

ಶಾಲೆಗಳಲ್ಲಿ ಕೈಕೆಲಸಕ್ಕೆ ಜಾಗವಿರಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. 1977ರಲ್ಲಿ ಈಶ್ವರಭಾಯ್ ಪಟೇಲ್ ಸಮಿತಿ ಅದನ್ನೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತು. ಹತ್ತು ದಿನದಲ್ಲಿ ಒಂದು ಸ್ವೆಟರು ಆಗದು. ಆದರೆ ಒಂದು ಕುಲಾವಿ ಆದೀತು. ಶುರು ಮಾಡಿದ್ದು ಮುಗಿಯುವುದನ್ನು ಕಣ್ಣಾರೆ ನೋಡಲು ಒಂದು ಕುಲಾವಿ ಸಾಕು.

ಕೊನೆಯ ಹತ್ತು ಗಂಟು

ತೋಳು ಮುಗಿದ ದಿನ ಹುಡುಗಿ ಚಪ್ಪಾಳೆ ತಟ್ಟಿದಳು. ಅಜ್ಜಿ ತಲೆಯಾಡಿಸಿದರು. “ಈಗ ಶುರು” ಎಂದರು. ಬಹುಪಾಲು ಸ್ವೆಟರುಗಳು ಕಪಾಟು ಸೇರುವುದು ಈ ಹಂತದಲ್ಲೇ. ಹೆಣೆಯುವುದು ಖುಷಿ, ಜೋಡಿಸುವುದು ತಾಳ್ಮೆ. ನಾಲ್ಕೂ ಭಾಗಗಳನ್ನು ಒದ್ದೆ ಮಾಡಿ, ಹಿಂಡದೆ ಟವಲಿನಲ್ಲಿ ಒತ್ತಿ, ಹಾಸಿಗೆಯ ಮೇಲೆ ಹಳೆಯ ಬೆಡ್‌ಶೀಟು ಹರಡಿ ಅಳತೆಗೆ ಸರಿಯಾಗಿ ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಬಾರದು. ಬಿಸಿಗೆ ಎಳೆ ಸತ್ತುಹೋಗುತ್ತದೆ. ಹಳೆಯ ತೋಳಿಗೂ ಹೊಸ ತೋಳಿಗೂ ಉಳಿದಿದ್ದ ಚೂರುಪಾರು ವ್ಯತ್ಯಾಸ ಒಣಗುವಾಗ ಮುಚ್ಚಿಹೋಯಿತು. ಹುಡುಕಿದರೆ ಮಾತ್ರ ಕಾಣುವಷ್ಟು.

ಆಮೇಲೆ ಹೆಗಲಿನ ಹೊಲಿಗೆ. ಕುತ್ತಿಗೆಯ ಸುತ್ತ ಕುಣಿಕೆ ಎತ್ತಿಕೊಂಡು ಪಟ್ಟಿ. ಕೊನೆಯ ಸಾಲನ್ನು ಸಡಿಲವಾಗಿ ಮುಗಿಸಬೇಕು, ಇಲ್ಲದಿದ್ದರೆ ಮಗುವಿನ ತಲೆಯೇ ತೂರುವುದಿಲ್ಲ. ತೋಳು ಕೂಡಿಸುವುದು, ಪಕ್ಕೆ ಹೊಲಿಯುವುದು. ಕಡೆಗೆ ಒಳಮೈಯಲ್ಲಿ ಜೋತಾಡುವ ಹತ್ತು ಹನ್ನೆರಡು ದಾರದ ತುದಿಗಳನ್ನು ಒಂದೊಂದಾಗಿ ಕುಣಿಕೆಗಳ ನಡುವೆ ತೂರಿಸಿ ಮರೆಮಾಡುವುದು. ಹೊರಗಿನಿಂದ ನೋಡುವವರಿಗೆ ಈ ಕೆಲಸ ಕಾಣುವುದೇ ಇಲ್ಲ. ಸರಿಯಾಗಿ ಮಾಡದಿದ್ದರೆ ಮಾತ್ರ ಮೊದಲ ಒಗೆತಕ್ಕೇ ಕಾಣುತ್ತದೆ. ಆ ತುದಿಗಳನ್ನು ಅಜ್ಜಿ ಮೊಮ್ಮಗಳಿಗೆ ಬಿಟ್ಟರು. ಎರಡು ಸಲ ಬಿಚ್ಚಿಸಿ ಮತ್ತೆ ಮಾಡಿಸಿದರು. ಮಹಡಿಯಿಂದ ಇಳಿದು ಬಂದ ತಾಯಿ ಬಾಗಿಲಲ್ಲಿ ನಿಂತು ನೋಡಿ, ಏನೂ ಹೇಳದೆ ಕಾಫಿ ಮಾಡಲು ಒಳಗೆ ಹೋದರು.

ಕೆಂಗೇರಿಯ ಭಾನುವಾರ

ಈಗ ಸ್ವೆಟರು ಯಾರಿಗೆ? ಆರು ವರ್ಷದ ಹುಡುಗನ ಅಳತೆ. ಕೆಂಗೇರಿ ಉಪನಗರದಲ್ಲಿರುವ ಅಜ್ಜಿಯ ತಂಗಿಯ ಮೊಮ್ಮಗನಿಗೆ ಸರಿಯಾಗಿ ಆರು. ಜನವರಿಯ ಒಂದು ಭಾನುವಾರ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ವಿಜಯನಗರದಲ್ಲಿ ನೇರಳೆ ಮಾರ್ಗದ ರೈಲು ಹತ್ತಿದರು. ಈ ಮಾರ್ಗ 2015ರಲ್ಲಿ ಮೈಸೂರು ರಸ್ತೆಯವರೆಗೆ ಬಂದು, 2021ರಲ್ಲಿ ಕೆಂಗೇರಿ ಮುಟ್ಟಿತು. ಅತ್ತಿಗುಪ್ಪೆ, ದೀಪಾಂಜಲಿನಗರ ದಾಟಿದರೆ ಕೆಳಗೆ ಮೈಸೂರು ರಸ್ತೆ. ಅದರ ಜೊತೆಜೊತೆಗೇ ಹರಿಯುವ, ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ವೃಷಭಾವತಿ.

ಈ ರಸ್ತೆಯ ಆಸುಪಾಸಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿವೆ. ವಾರದ ದಿನ ಸಂಜೆ ಬಸ್ಸು ಕಾಯುವ ಹೆಂಗಸರ ಸಾಲು ನೋಡಿದವರಿಗೆ ಅದು ಗೊತ್ತು. ಅಲ್ಲಿ ಒಬ್ಬಾಕೆ ಕಾಲರು, ಇನ್ನೊಬ್ಬಾಕೆ ತೋಳು, ಮತ್ತೊಬ್ಬಾಕೆ ಗುಂಡಿಯ ಕಾಜ. ದಿನಕ್ಕೆ ನೂರಾರು ತೋಳು ಕೂಡಿಸುವ ಕೈಗೆ ಇದು ನಾನು ಮಾಡಿದ ಅಂಗಿ ಎಂದು ಒಂದನ್ನೂ ತೋರಿಸಲು ಬರುವುದಿಲ್ಲ. ಅವರ ಕೈಚಳಕಕ್ಕೆ ಅಜ್ಜಿಯ ಕೈಚಳಕ ಸಾಟಿಯೂ ಅಲ್ಲ. ಆದರೆ ಮೊದಲ ಕುಣಿಕೆಯಿಂದ ಕೊನೆಯ ತುದಿಯವರೆಗೆ ಒಂದು ಬಟ್ಟೆಯನ್ನು ಒಬ್ಬರೇ ಮುಗಿಸುವ ಭಾಗ್ಯ ಈ ಕಾಲದಲ್ಲಿ ಅಪರೂಪದ್ದು. ಆ ಭಾಗ್ಯವನ್ನು ಟ್ರಂಕಿನಲ್ಲಿ ಕಟ್ಟಿಟ್ಟಿದ್ದೆನಲ್ಲ ಎಂದು ಅಜ್ಜಿ ಕಿಟಕಿಯ ಹೊರಗೆ ನೋಡುತ್ತಾ ಮಗಳಿಗೆ ಹೇಳಿದರು. “ನಿನಗೆ ಪುರುಸೊತ್ತೆಲ್ಲಿತ್ತಮ್ಮ?” ಎಂದಳು ಮಗಳು. ತುಸು ಹೊತ್ತಿನ ಮೇಲೆ, “ಇವಳಿಗೂ ಸ್ವಲ್ಪ ಪುರುಸೊತ್ತು ಕೊಡಬೇಕಿತ್ತೇನೋ” ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಎದುರು ಸೀಟಿನಲ್ಲಿದ್ದ ಹುಡುಗಿ ಗಣಿತದ ನೋಟ್‌ಬುಕ್ಕು ತೆರೆದುಕೊಂಡಿದ್ದಳು. ಒಂದು ಲೆಕ್ಕದ ಮೂರನೆಯ ಸಾಲಿನಲ್ಲಿ ಚಿಹ್ನೆ ತಪ್ಪಿತ್ತು. ಇಡೀ ಹಾಳೆ ಹರಿಯದೆ ಅಲ್ಲಿಂದ ಕೆಳಗಿನದನ್ನು ಮಾತ್ರ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದಳು.

ಕೆಂಗೇರಿಗೂ ನೂಲಿನ ನಂಟಿದೆ. 1860ರ ದಶಕದಲ್ಲಿ ಇಟಲಿಯ ಡಿ ವೆಕ್ಕಿ ಎಂಬುವರು ಉಗಿಯಂತ್ರದಿಂದ ರೇಷ್ಮೆ ನೂಲು ತೆಗೆಯುವ ಘಟಕವೊಂದನ್ನು ಇಲ್ಲಿ ನಡೆಸಿದ್ದರು. ಈಗ ಆ ಊರಿನ ಸುತ್ತ ಬಡಾವಣೆಗಳ ಮೇಲೆ ಬಡಾವಣೆ. ಆದರೂ ನಗರದ ನಡುವಿಗಿಂತ ಇಲ್ಲಿ ಬೆಳಗಿನ ಗಾಳಿ ಒಂದಿಷ್ಟು ತಣ್ಣಗೆ.

ತಂಗಿಯ ಮನೆಯಲ್ಲಿ ಉಪ್ಪಿಟ್ಟು ಕಾಫಿಯಾದ ಮೇಲೆ ಗಂಟು ಬಿಚ್ಚಿದರು. ಹುಡುಗ ಮೊದಲು ತಲೆ ತೂರಿಸಿದ. ಕುತ್ತಿಗೆ ಪಟ್ಟಿ ಸಲೀಸಾಗಿ ಇಳಿಯಿತು. ಎಡಗೈ ಹೋಯಿತು. ಬಲಗೈ, ಅಂದರೆ ಮೂವತ್ತನಾಲ್ಕು ವರ್ಷ ಕಾದ ತೋಳು, ಅದೂ ಹೋಯಿತು. ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು. ಶಾಲೆಗೆ ಇದು ನಡೆಯದು, ಅಲ್ಲಿ ನೀಲಿ ಸ್ವೆಟರೇ ಆಗಬೇಕು ಎಂದು ಅವನ ಅಮ್ಮ ಹೇಳಿದಳು. ಭಾನುವಾರಕ್ಕಾಯಿತು ಎಂದರು ಅಜ್ಜಿ.

ಹುಡುಗ ಕುತ್ತಿಗೆ ತುರಿಸಿಕೊಂಡು, “ಚುಚ್ಚುತ್ತೆ” ಎಂದ. ಎಲ್ಲರೂ ನಕ್ಕರು. ಆಮೇಲೆ ಅದನ್ನು ತೆಗೆಯದೆಯೇ ಚೆಂಡು ಹಿಡಿದು ಬೀದಿಗೆ ಓಡಿದ. ಮೊಮ್ಮಗಳು ಹಿಂದೆಯೇ ಓಡಿ ಫೋಟೊ ತೆಗೆದು ಪುಣೆಯ ಮಾಮನಿಗೆ ಕಳಿಸಿದಳು.

ಹಿಂದಿರುಗುವ ರೈಲಿನಲ್ಲಿ ಅಜ್ಜಿಯ ಚೀಲ ಖಾಲಿ. ಅರ್ಧ ಉಂಡೆ ಮರೂನ್ ದಾರ ಮಾತ್ರ ಉಳಿದಿತ್ತು. ಅದನ್ನೂ 10ನೇ ನಂಬರಿನ ಕಡ್ಡಿಯನ್ನೂ ಮೊಮ್ಮಗಳು ತನ್ನ ಬ್ಯಾಗಿಗೆ ಹಾಕಿಕೊಂಡಳು. ಒಂದು ಕುಲಾವಿಗೆ ಅಷ್ಟು ಸಾಕಾಗುತ್ತದಂತೆ.